ಜೀವ ಉಳಿದ್ರೆ ಸಾಕಲ್ವಾ, ಮಕ್ಕಳ ಮಾತು ಈಗ್ಯಾಕೆ?

ಕೀಮೋಗೆ ಮೊದಲು ನಾನು ಅಂಡಾಣು ಫ್ರೀಜ್ ಮಾಡಿಸಿದ್ದೆ ಅಂತ ಗೊತ್ತಾದವರೆಲ್ಲ ಕೇಳುವುದು ಇದನ್ನೇ. ಅಮ್ಮನೂ ಕೇಳಿದ್ದರು.

ಆಗ ನನಗೆ 31. ಸ್ತನ ಕ್ಯಾನ್ಸರ್. ಮದುವೆ ಆಗಿರಲಿಲ್ಲ. ಮೊದಲು ತೋರಿಸಿದ ಆಸ್ಪತ್ರೆಯಲ್ಲಿ ಕೂದಲು ಉದುರುತ್ತೆ, ವಾಂತಿ ಬರುತ್ತೆ ಎಂದೆಲ್ಲ ಹೇಳಿದರು. ಕೀಮೋದ ಕೆಲವು ಔಷಧಿಗಳು ಅಂಡಾಶಯವನ್ನೂ ಹಾಳು ಮಾಡುತ್ತವೆ ಅಂತ ಯಾರೂ ಹೇಳಲಿಲ್ಲ. ಕೂದಲು ಮತ್ತೆ ಬರುತ್ತದೆ. ಅಂಡಾಣು ಹೋದರೆ ಹೋದವೇ. ಇನ್ನೊಬ್ಬ ಡಾಕ್ಟರ ಹತ್ತಿರ ಹೋದಾಗ ಬಿಪಿ ನೋಡುತ್ತಿದ್ದ ನರ್ಸ್ ಮೆಲ್ಲಗೆ ಕೇಳಿದರು, "ಮುಂದೆ ಮಕ್ಕಳು ಬೇಕು ಅಂತ ಇದೆಯೇನಮ್ಮಾ?" ಆ ಒಂದು ಮಾತಿಗೆ ಇವತ್ತಿಗೂ ನಾನು ಋಣಿ.

ಚಿಕಿತ್ಸೆ ತಿಂಗಳುಗಟ್ಟಲೆ ತಡವಾಗುತ್ತೆ ಅಂತ ಜನ ಹೆದರುತ್ತಾರೆ. ಸುಮಾರು ಎರಡು ವಾರ ಸಾಕು. ಮುಟ್ಟಿನ ದಿನಕ್ಕೂ ಕಾಯಬೇಕಿಲ್ಲ. ಅಂಡಾಣು ಬೆಳೆಯಲಿ ಅಂತ ದಿನಾ ಹೊಟ್ಟೆಗೆ ಇಂಜೆಕ್ಷನ್, ಹಾರ್ಮೋನ್ ಜಾಸ್ತಿ ಏರದಿರಲಿ ಅಂತ ಜೊತೆಗೆ ಲೆಟ್ರೋಜೋಲ್ ಮಾತ್ರೆ. ನಮ್ಮ ಬಸವನಗುಡಿ ಮನೆಯ ಫ್ರಿಜ್‌ನಲ್ಲಿ ಮೊಸರಿನ ಪಾತ್ರೆ ಪಕ್ಕದಲ್ಲೇ ಇಂಜೆಕ್ಷನ್ ಪೆನ್ನು ಇರುತ್ತಿತ್ತು. ಮೊದಲ ದಿನ ಅಮ್ಮ ನೋಡಲಾರದೆ ಅಡುಗೆಮನೆಗೆ ಹೋದರು. ನಾಲ್ಕನೇ ದಿನ ಅವರೇ ಪೆನ್ನು ತೆಗೆದುಕೊಂಡು, ಹತ್ತಿಯಲ್ಲಿ ಹೊಟ್ಟೆ ಒರೆಸಿ, "ಉಸಿರು ಬಿಡು ಮಗಳೇ" ಅಂದರು. ಆಮೇಲೆ ಆ ಪ್ರಶ್ನೆ ಅವರು ಕೇಳಲೇ ಇಲ್ಲ.

ಕೊನೆಯ ಇಂಜೆಕ್ಷನ್ ಆಗಿ ಸುಮಾರು 36 ಗಂಟೆಗೆ ಮತ್ತು ಬರಿಸಿ ಅಂಡಾಣು ತೆಗೆದರು. 9 ಅಂಡಾಣುಗಳು ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿವೆ. ಇವು ಮಗುವೇ ಆಗುತ್ತವೆ ಅಂತ ಯಾರೂ ಮಾತು ಕೊಟ್ಟಿಲ್ಲ. ಆದರೆ ಚಿಕಿತ್ಸೆ ಮುಗಿದ ಮೇಲೂ ಬದುಕು ಇದೆ ಅಂತ ನನ್ನನ್ನು ನಂಬಿಸಿದ್ದು ಅವೇ. ಇದೇ ನನ್ನ ಉತ್ತರ.

ಮದುವೆಯಾದವರು ಭ್ರೂಣವನ್ನೇ ಫ್ರೀಜ್ ಮಾಡಿಸಿ ಇಡಿಸಬಹುದು. ಕೃತಕ ಗರ್ಭಧಾರಣೆಗೆ ಸಂಬಂಧಿಸಿದ 2021ರ ಕಾನೂನಿನಲ್ಲಿ ಅದಕ್ಕೆ 10 ವರ್ಷದ ಮಿತಿ ಇದೆ.

ಗಂಡಸರಿಗಂತೂ ಇನ್ನೂ ಸುಲಭ. ಇಂಜೆಕ್ಷನ್ ಇಲ್ಲ. ವೀರ್ಯದ ಸ್ಯಾಂಪಲ್ ಕೊಟ್ಟು ಬಂದರಾಯಿತು, ಕೀಮೋ ತಡವಾಗುವುದೂ ಇಲ್ಲ. ಆದರೆ ಸಂಕೋಚಕ್ಕೆ ಯಾರೂ ಬಾಯಿ ಬಿಡುವುದಿಲ್ಲ. ನನ್ನ ಪಕ್ಕದ ಕುರ್ಚಿಯಲ್ಲಿ ಕೀಮೋ ಹಾಕಿಸಿಕೊಳ್ಳುತ್ತಿದ್ದ ತುಮಕೂರಿನ ಹುಡುಗನಿಗೆ 23. ಲಿಂಫೋಮಾ, ಅಂದರೆ ದುಗ್ಧಗ್ರಂಥಿಗಳ ಕ್ಯಾನ್ಸರ್. ಅವನಿಗೆ ಅದು ಮೂರನೇ ಸಲದ ಕೀಮೋ. ನನ್ನ ಕಥೆ ಕೇಳಿ ಸ್ವಲ್ಪ ಹೊತ್ತು ಸುಮ್ನಿದ್ದ. ಆಮೇಲೆ, "ನಂಗ್ಯಾರೂ ಹೇಳ್ಲೇ ಇಲ್ವಲ್ಲಕ್ಕಾ" ಅಂದ.

ಈಗ ಯಾರ ಮನೆಯಲ್ಲಾದರೂ ಕೀಮೋ ಅಂತ ಕಿವಿಗೆ ಬಿದ್ದರೆ ನಾನು ಮೊದಲು ಕೇಳುವುದು, "ಶುರು ಮಾಡಿಬಿಟ್ರಾ, ಇನ್ನೂ ಇಲ್ವಾ?"