ಡೆಫಿನೆಟ್ಲಿ: ಒಂದು ಮೇಲ್‌ನಿಂದ ಕಲಿತದ್ದು

ಕಸ್ಟಮರ್ ಸಪೋರ್ಟ್ ಕೆಲಸಕ್ಕೆ ಸೇರಿ ಮೂರನೇ ತಿಂಗಳು. ಒಬ್ಬ ಗ್ರಾಹಕರಿಗೆ ಬದಲಿ ಪ್ರಿಂಟರ್ ಕಳಿಸಬೇಕಿತ್ತು. ‘ಶುಕ್ರವಾರದೊಳಗೆ ಡೆಫಿನೆಟ್ಲಿ ಕಳಿಸುತ್ತೇವೆ’ ಎಂದು ಇಂಗ್ಲಿಷಿನಲ್ಲಿ ಬರೆದು ಸೆಂಡ್ ಒತ್ತಿದೆ. ಹತ್ತೇ ನಿಮಿಷಕ್ಕೆ ಉತ್ತರ ಬಂತು: ‘ನಾನು ಕೇಳಿದ್ದು ಪ್ರಿಂಟರ್, ಜಗಳ ಅಲ್ಲ.’

ಕಳಿಸಿದ ಮೇಲ್ ತೆಗೆದು ನೋಡಿದೆ. ಅಲ್ಲಿದ್ದದ್ದು ಡೆಫಿನೆಟ್ಲಿ ಅಲ್ಲ, ‘ಡಿಫೈಯಂಟ್ಲಿ’. ಅಂದರೆ ಶುಕ್ರವಾರದೊಳಗೆ ಸೆಡ್ಡು ಹೊಡೆದು ಕಳಿಸುತ್ತೇವೆ ಎಂದಾಗಿತ್ತು! ಸ್ಪೆಲಿಂಗ್ ಮಧ್ಯೆ ಒಂದು ‘ಎ’ ಸೇರಿಸಿ ಟೈಪ್ ಮಾಡಿದ್ದೆ. ಕೆಳಗೆ ಕೆಂಪು ಗೆರೆ ಬಂತು. ಕಂಪ್ಯೂಟರ್ ತೋರಿಸಿದ ಮೊದಲ ಪದವನ್ನೇ ಒತ್ತಿದೆ. ಗೆರೆ ಹೋಯಿತು, ಸರಿಯಾಯಿತು ಅಂದುಕೊಂಡೆ.

ಈ ತಪ್ಪು ತುಂಬಾ ಜನ ಮಾಡುತ್ತಾರೆ. ಅದಕ್ಕೆ ಕಾರಣವೂ ಇದೆ. ಈ ಪದ ಹೇಳುವಾಗ ಒತ್ತೆಲ್ಲ ಮೊದಲ ‘ಡೆ’ ಮೇಲೆ ಬೀಳುತ್ತದೆ, ಮುಂದಿನ ಸ್ವರಗಳು ಸವೆದು ಹೋಗುತ್ತವೆ. ಕಿವಿಗೆ ಅಲ್ಲಿ ‘ಎ’ ಇದೆಯೋ ‘ಐ’ ಇದೆಯೋ ಗೊತ್ತಾಗುವುದಿಲ್ಲ. ಕೇಳಿದಂತೆ ಬರೆಯುವ ಅಭ್ಯಾಸ ನಮ್ಮದು, ಇಲ್ಲಿ ಅದು ಕೈಕೊಡುತ್ತದೆ.

ನಮ್ಮ ಟೀಮ್ ಲೀಡ್ ಮೇಡಂ ಬೈಯಲಿಲ್ಲ. ಹಾಳೆಯ ಮೇಲೆ ಪದವನ್ನು ದೊಡ್ಡದಾಗಿ ಬರೆದರು: ಡಿ, ಇ, ಎಫ್, ಐ, ಎನ್, ಐ, ಟಿ, ಇ, ಎಲ್, ವೈ. ಮೊದಲ 2 ಅಕ್ಷರ ಎಡಗೈ ಬೆರಳಿನಿಂದ, ಕೊನೆಯ 2 ಬಲಗೈ ಬೆರಳಿನಿಂದ ಮುಚ್ಚಿದರು. “ಈಗ ಏನು ಉಳೀತು, ಓದಿ.” ಉಳಿದದ್ದು ‘ಫೈನೈಟ್’, ಅಂದರೆ ಮಿತಿ ಇರುವಂಥದ್ದು. ಇಷ್ಟು ವರ್ಷ ಈ ಪದ ಬಳಸಿದ್ದೇನೆ, ಒಳಗೆ ಇನ್ನೊಂದು ಪದ ಕೂತಿರುವುದು ಕಂಡೇ ಇರಲಿಲ್ಲ.

ಆ ರಾತ್ರಿ ಡಿಕ್ಷನರಿ ಹಿಡಿದು ಕೂತೆ. ಮೂಲ ಲ್ಯಾಟಿನ್‌ನ ‘ಫೀನಿಸ್’. ಅಂದರೆ ಗಡಿ, ಕೊನೆ. ಅದರಿಂದ ‘ದೇಫೀನೀರೆ’, ಗಡಿ ಹಾಕುವುದು. ‘ಡೆಫಿನಿಟ್’ ಎಂಬ ಪದ ಇಂಗ್ಲಿಷಿಗೆ ಬಂದದ್ದು 16ನೇ ಶತಮಾನದಲ್ಲಿ. ಫಿನಿಶ್, ಫೈನಲ್, ಇನ್ಫಿನಿಟಿ ಎಲ್ಲ ಇದೇ ಮನೆಯವು. ದಂಡ ಎನ್ನುವ ಅರ್ಥದ ಫೈನ್ ಕೂಡ: ದುಡ್ಡು ಕೊಟ್ಟು ವ್ಯಾಜ್ಯ ಮುಗಿಸುವುದು. ಫೈನಾನ್ಸ್ ಕೂಡ, ಸಾಲ ತೀರಿಸಿ ಲೆಕ್ಕ ಮುಗಿಸುವುದರಿಂದ ಹುಟ್ಟಿದ್ದು.

ಡಿಫೈಯಂಟ್ಲಿಯ ಮನೆ ಬೇರೆ. ಅದರ ಬೇರು ಲ್ಯಾಟಿನ್‌ನ ‘ಫೀದುಸ್’, ನಂಬಿಕಸ್ಥ ಎಂದರ್ಥ. ಹಳೆಯ ಫ್ರೆಂಚ್‌ನಲ್ಲಿ ಅದಕ್ಕೆ ‘ದೆಸ್’ ಸೇರಿ, ಇಟ್ಟ ನಿಷ್ಠೆಯನ್ನು ಬಿಟ್ಟುಕೊಡುವುದು ಎಂದಾಯಿತು. ಎದುರು ನಿಲ್ಲುವ ಅರ್ಥ ಬಂದದ್ದು ಅಲ್ಲಿಂದ. ಇದನ್ನು ಓದಿ ಮನಸ್ಸಿಗೆ ನಾಟಿತು. ಭರವಸೆ ಕೊಡಲು ಬರೆದ ಸಾಲಿನಲ್ಲಿ ನಂಬಿಕೆ ಮುರಿಯುವ ಪದ ಇಟ್ಟಿದ್ದೆ, ಅಲ್ವಾ?

ಮರುದಿನ ಆ ಗ್ರಾಹಕರಿಗೆ ಕ್ಷಮೆ ಕೇಳಿ ಬರೆಯಲು ಕೂತೆ. ಸ್ಪೆಲಿಂಗ್ ಈಗ ಸರಿ ಇತ್ತು. ಆದರೆ ‘ಗಡಿ’ ಎಂಬ ಮಾತು ತಲೆಯಲ್ಲೇ ಉಳಿದಿತ್ತು. ಶುಕ್ರವಾರ ಎಂಬ ಗಡಿ ಹಾಕಿದ್ದು ಯಾರು? ಗೋದಾಮಿಗೆ ಫೋನ್ ಮಾಡಿದೆ. ಆ ಮಾಡೆಲ್ ಸ್ಟಾಕ್ ಇರಲಿಲ್ಲ, ಸೋಮವಾರ ಬರುವುದಿತ್ತು. ಮೊದಲ ದಿನ ನಾನು ಯಾರನ್ನೂ ಕೇಳಿರಲೇ ಇಲ್ಲ. ಗ್ರಾಹಕರಿಗೆ ಸಮಾಧಾನವಾಗಲಿ ಎಂದು ಸುಮ್ನೆ ಬರೆದಿದ್ದೆ. ಸ್ಪೆಲಿಂಗ್ ತಪ್ಪಿಗಿಂತ ಇದೇ ಜಾಸ್ತಿ ದೊಡ್ಡ ತಪ್ಪು ಅನ್ನಿಸಿತು.

ಸೋಮವಾರದವರೆಗೆ ಆ ಪದ ಮುಟ್ಟಲಿಲ್ಲ. ‘ಸ್ಟಾಕ್ ಇಲ್ಲ, ಬಂದ ದಿನವೇ ತಿಳಿಸುತ್ತೇನೆ’ ಎಂದಷ್ಟೇ ಬರೆದೆ. ಸೋಮವಾರ ಮಧ್ಯಾಹ್ನ ಪ್ರಿಂಟರ್ ಬಂತು, ಕೊರಿಯರ್ ನಂಬರ್ ಕೈಗೆ ಸಿಕ್ಕಿತು. ಆಮೇಲೆ ಬೆರಳಿಟ್ಟು ಒಂದೊಂದೇ ಅಕ್ಷರ ನೋಡಿಕೊಂಡು ಟೈಪ್ ಮಾಡಿದೆ: ಬುಧವಾರ, ಡೆಫಿನೆಟ್ಲಿ.