ದುಡ್ಡು ಎಲ್ಲಿಗೆ ಕೊಡೋಣ ಅಂತ ಕೂತ ಭಾನುವಾರ

ಮಂಡ್ಯದಲ್ಲಿ ನಾವೊಂದಿಷ್ಟು ಜನ ಸೇರಿ ಸಣ್ಣ ಗುಂಪು ಮಾಡಿಕೊಂಡಿದ್ದೇವೆ. ಅದಕ್ಕೆ ಹೆಸರಿಲ್ಲ, ರಿಜಿಸ್ಟರ್ ಕೂಡ ಮಾಡಿಸಿಲ್ಲ. ತಿಂಗಳಿಗೊಮ್ಮೆ ಕೈಲಾದಷ್ಟು ವಂತಿಗೆ ಹಾಕುತ್ತೇವೆ. ಆಮೇಲೆ ಒಂದು ಭಾನುವಾರ ಯಾರದ್ದಾದರೂ ಮನೆಯಲ್ಲಿ ಕೂತು, ಈ ದುಡ್ಡು ಎಲ್ಲಿಗೆ ಹೋದರೆ ಜಾಸ್ತಿ ಉಪಯೋಗ ಅಂತ ಮಾತಾಡುತ್ತೇವೆ. ರಿಟೈರ್ ಆದ ಮೇಷ್ಟ್ರು ಒಬ್ಬರಿದ್ದಾರೆ. ತಾಲ್ಲೂಕು ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು ಒಬ್ಬರು, ಅವರನ್ನು ನಾವೆಲ್ಲ ಸಿಸ್ಟರ್ ಅಂತಲೇ ಕರೆಯೋದು. ಬ್ಯಾಂಕಿನವರಿದ್ದಾರೆ, ಬೆಂಗಳೂರಿಂದ ವಾರದ ಕೊನೆಗೆ ಊರಿಗೆ ಬರುವ ಒಬ್ಬ ಸಾಫ್ಟ್‌ವೇರ್ ಹುಡುಗನೂ ಇದ್ದಾನೆ. ಕಳೆದ ಮೇ ತಿಂಗಳ ಮೀಟಿಂಗಿನಲ್ಲಿ ಈ ಗುಂಪು ಒಡೆದೇ ಹೋಗುತ್ತೆ ಅನ್ನಿಸಿತ್ತು. ಒಡೆಯದೆ ಹೇಗೆ ಉಳಿಯಿತು ಅಂತ ಬರೆಯಬೇಕು ಅನ್ನಿಸಿದೆ.

ಪ್ರತಿ ಜೂನ್‌ನಲ್ಲಿ ಹಳ್ಳಿ ಶಾಲೆಗಳ ಮಕ್ಕಳಿಗೆ ಬ್ಯಾಗ್ ಕೊಡುವುದು ನಮ್ಮ ವಾಡಿಕೆ. ಶುರು ಮಾಡಿದ್ದು ಮೇಷ್ಟ್ರು. ಈ ಗುಂಪು ಹುಟ್ಟಿದ್ದೇ ಆ ಬ್ಯಾಗಿನಿಂದ ಅಂದರೂ ಸರಿ. ಆದರೆ ಈ ಸಲ ಒಂದು ಶಾಲೆಯ ಹೆಡ್‌ಮೇಷ್ಟ್ರು ಫೋನಿನಲ್ಲಿ, "ಹೋದ ವರ್ಷ ನಿಮ್ಮದಲ್ದೆ ಇನ್ನೊಂದು ಕಡೆಯಿಂದಲೂ ಬ್ಯಾಗ್ ಬಂದಿತ್ತು" ಅಂದಿದ್ದರು. ಅದನ್ನು ಕೇಳಿದ ಹುಡುಗ ಮೀಟಿಂಗಿನಲ್ಲಿ ನೇರವಾಗಿ ಕೇಳಿಬಿಟ್ಟ: "ಹಾಗಾದ್ರೆ ನಮ್ಮ ಬ್ಯಾಗಿಂದ ಆ ಮಕ್ಕಳಿಗೆ ಆದದ್ದೇನು ಸರ್?"

ಯಾರೂ ಮಾತಾಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಸಿಸ್ಟರ್ ಬಾಯಿ ಬಿಟ್ಟರು. ಬಹಳ ದಿನದಿಂದ ಅವರ ತಲೆಯಲ್ಲಿ ಇದ್ದದ್ದು ಹಾವು ಕಡಿತದ ವಿಷಯ. "ಮೇಷ್ಟ್ರೇ, ನಮ್ಮ ಕಡೆ ರಾತ್ರಿ ತ್ರೀಫೇಸ್ ಕರೆಂಟ್ ಬಂದಾಗ ಜನ ನೀರು ಕಟ್ಟೋಕೆ ಗದ್ದೆಗೆ ಹೋಗ್ತಾರೆ. ಕತ್ತಲಲ್ಲಿ, ಬರಿಗಾಲಲ್ಲಿ. ಹಾವು ಕಚ್ಚಿದ್ರೆ ಮೊದಲು ಮಂತ್ರ ಹಾಕಿಸ್ತಾರೆ, ಇಲ್ಲಾ ಬಿಗಿಯಾಗಿ ದಾರ ಕಟ್ಟಿಕೊಂಡು ಕೂರ್ತಾರೆ. ಇಂಜೆಕ್ಷನ್ ನಮ್ಮ ಹತ್ರ ಇರ್ತಿತ್ತು. ಅವರು ಬರ್ತಿದ್ದದ್ದೇ ಲೇಟು."

ಅವರು ಹೇಳಿದ ಮೇಲೆ ನಾನೂ ಓದಿ ನೋಡಿದೆ. 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ ಅನ್ನುತ್ತದೆ 2020ರಲ್ಲಿ ಬಂದ ಒಂದು ಅಧ್ಯಯನ. ಅಂದರೆ ವರ್ಷಕ್ಕೆ ಸರಾಸರಿ 58,000 ಜನ. ಹೆಚ್ಚಿನವರು ಹಳ್ಳಿಯವರು, ದುಡಿಯುವ ಕೈಗಳು. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ, ಈ ನಾಲ್ಕರ ವಿಷಕ್ಕೂ ಕೆಲಸ ಮಾಡುವ ಒಂದೇ ಔಷಧಿ ನಮ್ಮಲ್ಲಿದೆ. ಸರ್ಕಾರಿ ಆಸ್ಪತ್ರೆಯಲ್ಲಿ ಅದಕ್ಕೆ ದುಡ್ಡಿಲ್ಲ. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತು, ಇದು ನಿಜಕ್ಕೂ ಒಳ್ಳೆಯ ಕೆಲಸ. ಆದರೆ ಕಚ್ಚಿಸಿಕೊಂಡವರು ಗದ್ದೆಯಿಂದ ಆಸ್ಪತ್ರೆಗೆ ಬೇಗ ಬರಬೇಕಲ್ಲ. ಅಲ್ಲಿ ನಮ್ಮಂಥ ಸಣ್ಣ ಗುಂಪಿನ ಸಣ್ಣ ದುಡ್ಡಿಗೂ ಕೆಲಸವಿದೆ.

ಲೆಕ್ಕ ಸ್ಪಷ್ಟವಾಗಿತ್ತು. ಆದರೆ ಮೇಷ್ಟ್ರ ಮುಖ ಬಾಡಿತ್ತು. "ಇಷ್ಟು ವರ್ಷ ಮಾಡಿದ್ದು ದಂಡ ಅಂತೀರಾ?" ಅಂದರು, ಕಾಫಿ ಕುಡಿಯದೆ ಎದ್ದು ಹೋದರು. ಹುಡುಗನೂ ಕೆಂಪಾಗಿದ್ದ. ಕೇಳಿದ್ದರಲ್ಲಿ ತಪ್ಪೇನಿದೆ ಅನ್ನುವುದು ಅವನ ವಾದ.

ತಪ್ಪಿರಲಿಲ್ಲ. ಆ ಪ್ರಶ್ನೆ ಕೇಳಲಾಗದ ಗುಂಪು ಬರೀ ಸಮಾಧಾನಕ್ಕೆ ದಾನ ಮಾಡುವ ಗುಂಪು. ಆದರೆ ಎಷ್ಟೋ ವರ್ಷ ತನ್ನ ಪಿಂಚಣಿಯಲ್ಲಿ ಬ್ಯಾಗ್ ತಂದವರ ಮನಸ್ಸು ಮುರಿದರೆ, ನಾಳೆ ಒಳ್ಳೆಯ ಲೆಕ್ಕ ಹಿಡಿದುಕೊಂಡು ಹೋಗೋಕೆ ಜನ ಎಲ್ಲಿಂದ ಬರಬೇಕು? ನನಗೆ ಇವೆರಡೂ ಬೇಕು. ಅದಕ್ಕೆ ಮೀಟಿಂಗಿನ ಆಚೆ ದುಡಿಯಬೇಕಾಗುತ್ತದೆ.

ಸಂಜೆ ಸಿಸ್ಟರ್, ನಾನು, ಆ ಹುಡುಗ ಮೂವರೂ ಮೇಷ್ಟ್ರ ಮನೆಗೆ ಹೋದೆವು. ವಾದ ಮಾಡೋಕೆ ಅಲ್ಲ. ಸಿಸ್ಟರ್ ಒಂದೇ ಪ್ರಶ್ನೆ ಕೇಳಿದರು: "ಹಾವು ಕಚ್ಚಿದ್ರೆ ಬೇಗ ಆಸ್ಪತ್ರೆಗೆ ಬರಬೇಕು ಅನ್ನೋ ಸುದ್ದಿ ಹಳ್ಳಿಗಳಲ್ಲಿ ಹರಡಬೇಕು, ಹೇಗೆ ಅಂತ ನೀವೇ ಹೇಳಿ." ಹುಡುಗನಿಗೆ ಆಗ ನೆನಪಾಗಿದ್ದು ತಾನು ಓದಿದ್ದ ಒಂದು ಅಧ್ಯಯನ. 2019ರಲ್ಲಿ ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮತ್ತು ಜೊತೆಗಾರರು ನಮ್ಮ ಕರ್ನಾಟಕದ್ದೇ 213 ಹಳ್ಳಿಗಳಲ್ಲಿ ಮಾಡಿದ್ದು. ಊರವರನ್ನೇ ಕೇಳಿದರಂತೆ, ಯಾರಿಗೆ ಹೇಳಿದರೆ ಸುದ್ದಿ ಎಲ್ಲರಿಗೂ ಮುಟ್ಟುತ್ತೆ ಅಂತ. ಜನ ತೋರಿಸಿದವರಿಗೆ ಹೇಳಿದಾಗ, ಸುಮ್ನೆ ಯಾರಿಗೋ ಹೇಳಿದ್ದಕ್ಕಿಂತ ಸುದ್ದಿ ಎಷ್ಟೋ ಚೆನ್ನಾಗಿ ಹರಡಿತು. ಹರಿಯಾಣದಲ್ಲಿ ಮಕ್ಕಳ ಲಸಿಕೆಗೂ ಇದೇ ದಾರಿ ಹಿಡಿದರು, ಲಸಿಕೆ ಹಾಕಿಸಿಕೊಂಡವರು ಜಾಸ್ತಿ ಆದರು.

ಮೇಷ್ಟ್ರು ಕನ್ನಡಕ ತೆಗೆದು ಪಕ್ಕಕ್ಕಿಟ್ಟರು. "ಸುತ್ತಮುತ್ತ ಎಲ್ಲ ಊರಲ್ಲೂ ನನ್ನ ಶಿಷ್ಯರಿದ್ದಾರಲ್ಲಪ್ಪ, ಕೇಳಿದ್ರಾಯ್ತು" ಅಂದರು. ಅಲ್ಲೇ ಕೂತು ಫೋನ್ ಮಾಡೋಕೆ ಶುರು ಮಾಡಿದರು. ಮೊದಲ ಊರಿನಲ್ಲಿ ನಾವೆಲ್ಲ ಪಂಚಾಯ್ತಿ ಮೆಂಬರ್ ಹೆಸರು ಬರುತ್ತೆ ಅಂದುಕೊಂಡಿದ್ದೆವು. ಬಂದದ್ದು ದಿನಾ ಎರಡು ಹೊತ್ತು ಡೈರಿಗೆ ಹಾಲು ಹಾಕುವ ಒಬ್ಬ ಅಜ್ಜಿಯ ಹೆಸರು. ಆಮೇಲಿನ ಭಾನುವಾರ ಆ ಡೈರಿ ಮುಂದೆಯೇ ಸಿಸ್ಟರ್ ಮಾತಾಡಿದರು: ಕಟ್ಟಬೇಡಿ, ಕುಯ್ಯಬೇಡಿ, ಬಾಯಲ್ಲಿ ಹೀರಬೇಡಿ, ಕೈಕಾಲು ಅಲ್ಲಾಡಿಸದೆ ಇಟ್ಟುಕೊಂಡು 108ಕ್ಕೆ ಫೋನ್ ಮಾಡಿ, ಇಲ್ಲಾ ಸಿಕ್ಕಿದ ಗಾಡಿಯಲ್ಲಿ ಆಸ್ಪತ್ರೆಗೆ ಬನ್ನಿ. ಅಜ್ಜಿ ಅದನ್ನು ಅವರಿಗಿಂತ ಚೆನ್ನಾಗಿ ಎಲ್ಲರಿಗೂ ತಿರುಗಿ ಹೇಳಿದರು.

ಇನ್ನೊಂದು ಜಗಳ ಉಳಿದಿತ್ತು. ಹುಡುಗ ತನ್ನ ಸಂಬಳದ ಶೇ. 10 ದಾನ ಮಾಡುತ್ತೇನೆ ಅಂತ ಮಾತು ಕೊಟ್ಟವನು. ಹೀಗೆ ಮಾತು ಕೊಡುವವರನ್ನೆಲ್ಲ ಒಟ್ಟು ಮಾಡುವ ಗಿವಿಂಗ್ ವಾಟ್ ವಿ ಕ್ಯಾನ್ ಅನ್ನುವ ಗುಂಪು 2009ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಶುರುವಾಯಿತು. ನಮ್ಮ ಒಟ್ಟು ದುಡ್ಡಿನಲ್ಲಿ ಅರ್ಧ ಆಫ್ರಿಕಾದ ಮಲೇರಿಯಾಕ್ಕೆ, ಸೊಳ್ಳೆ ಪರದೆಗೆ ಹೋಗಲಿ ಅನ್ನುವುದು ಅವನ ಆಸೆ. ಅಲ್ಲಿನ ಮಗುವಿನ ಜೀವವೂ ಜೀವವೇ ಅಲ್ವಾ ಅಂತ ಅವನು ಕೇಳಿದರೆ ನನ್ನ ಹತ್ತಿರ ಎದುರು ಮಾತಿಲ್ಲ. ಬ್ಯಾಂಕಿನವರು ಮಾತ್ರ, ಕಣ್ಣಿಗೆ ಕಾಣುವ ಕೆಲಸಕ್ಕೆ ಅಂತ ಜನ ಹಾಕಿದ ದುಡ್ಡು ಇದು ಅಂದರು. ಕೊನೆಗೆ ಒಟ್ಟು ದುಡ್ಡು ಇಲ್ಲಿಗೆ, ಅವರವರ ಸ್ವಂತ ದುಡ್ಡು ಅವರವರಿಗೆ ಸರಿ ಕಂಡ ಕಡೆಗೆ ಅಂತ ಒಪ್ಪಿಕೊಂಡೆವು. ಹುಡುಗನಿಗೆ ಪೂರ್ತಿ ಒಪ್ಪಿಗೆಯಿಲ್ಲ. ಆದರೂ ಬರುತ್ತಾನೆ, ಅವನು ಬರುವುದು ನನಗೆ ತುಂಬಾ ಮುಖ್ಯ.

ಆಮೇಲೆ ಒಂದೆರಡು ಪದ್ಧತಿ ಮಾಡಿಕೊಂಡಿದ್ದೇವೆ. ಯಾರು ಒಂದು ಕೆಲಸ ಮಾಡೋಣ ಅಂತ ಹೇಳಿದರೋ ಅವರು ಅದರ ಫಲ ನೋಡೋಕೆ ಹೋಗುವ ಹಾಗಿಲ್ಲ, ಬೇರೆಯವರು ಹೋಗಬೇಕು. ಎರಡು ತಿಂಗಳು ಮೀಟಿಂಗಿಗೆ ಬರದವರ ಮನೆಗೆ ಒಬ್ಬರು ಹೋಗಿ ಮಾತಾಡಿಸಿ ಬರಬೇಕು, ವಂತಿಗೆ ಮಾತು ಎತ್ತಬಾರದು. ಬ್ಯಾಗೂ ಪೂರ್ತಿ ನಿಂತಿಲ್ಲ. ಮೊದಲು ಫೋನ್ ಮಾಡಿ, ಯಾರೂ ಕೊಡದ ಶಾಲೆ ಯಾವುದು ಅಂತ ಮೇಷ್ಟ್ರು ಹುಡುಕುತ್ತಾರೆ.

ಈಗ ನಮ್ಮ ಮುಂದಿರುವುದು ಗಂಬೂಟಿನ ಪ್ರಶ್ನೆ. ರಾತ್ರಿ ಗದ್ದೆಗೆ ಹೋಗುವವರಿಗೆ ಹಾವು ಕಚ್ಚದಿರಲಿ ಅಂತ ನಾವು ಕೊಟ್ಟ ಟಾರ್ಚ್ ಎಲ್ಲರೂ ಇಷ್ಟಪಟ್ಟು ತಗೊಂಡರು. ಆದರೆ ಗದ್ದೆಯ ಕೆಸರಿನಲ್ಲಿ ಗಂಬೂಟ್ ಹೂತುಕೊಳ್ಳುತ್ತೆ, ಹಾಕೋದು ಕಷ್ಟ ಅನ್ನುತ್ತಾರೆ ರೈತರು. ಬದುವಿನ ಮೇಲೆ ಓಡಾಡುವಾಗಲಾದರೂ ಹಾಕುತ್ತಾರಾ? ನೋಡೋಣ ಅಂತ ಕೆಲವೇ ಜೊತೆ ತಂದು ಕೊಟ್ಟಿದ್ದೇವೆ. ಇದು ಹುಡುಗನ ಐಡಿಯಾ, ಹಾಗಾಗಿ ತಿಂಗಳಾದ ಮೇಲೆ ಮನೆಮನೆಗೆ ಹೋಗಿ ಕೇಳಿಕೊಂಡು ಬರುವವರು ಮೇಷ್ಟ್ರು. ಹಾಕುತ್ತಿಲ್ಲ ಅಂತ ಅವರು ಬಂದು ಹೇಳಿದರೆ ಇನ್ನು ತರುವುದಿಲ್ಲ.