ವೋಟ್ ಹಾಕಬೇಡಿ ಅನ್ನೋಕೆ ಬಾಯಿ ಬರಲಿಲ್ಲ

14 ಆಗಸ್ಟ್ 2022, ಭಾನುವಾರ
ಕುಮಟಾ

ಅಪ್ಪ ಇವತ್ತೂ ಸರಿಯಾಗಿ ಮಾತಾಡಲಿಲ್ಲ. ಊಟಕ್ಕೆ ಕೂತಾಗ "ಮಜ್ಜಿಗೆ ಬೇಕಾ" ಅಂತ ಕೇಳಿದ್ದೇ ದೊಡ್ಡದು. ನಿನ್ನೆ ಅಂಗಡಿಗೆ ಬಂದವರು ಯಾರೋ "ನಿಮ್ಮ ಮಗಳು ಬಸ್‌ಸ್ಟ್ಯಾಂಡಿನಲ್ಲಿ ಆಸ್ಪತ್ರೆ ಬೇಕು ಅಂತ ಸಹಿ ಕೇಳ್ತಾ ನಿಂತಿದ್ಲಲ್ಲ" ಅಂದರಂತೆ. ಅಷ್ಟೇ. ಅಪ್ಪನಿಗೆ ಅದು ಚುಚ್ಚಿದೆ. ನಮ್ಮದು ಕಿರಾಣಿ ಅಂಗಡಿ. ಎಲ್ಲ ಪಕ್ಷದವರೂ ಅಲ್ಲಿಂದಲೇ ಬೆಲ್ಲ, ಅವಲಕ್ಕಿ ಒಯ್ಯುತ್ತಾರೆ. ಯಾರಿಗೆ ಬೇಜಾರಾದರೂ ಉದ್ರಿ ಪುಸ್ತಕದ ಒಂದು ಹಾಳೆ ವಸೂಲಾಗುವುದಿಲ್ಲ. ಜೊತೆಗೆ, ನಾಳೆ ಏನಾದ್ರೂ ಕೇಸ್ ಬಿದ್ದರೆ ಸರ್ಕಾರಿ ನೌಕರಿ ಕನಸು ಬಿಡು ಅನ್ನೋ ಚಿಂತೆ. ಅಪ್ಪನ ಹೆದರಿಕೆ ಸುಳ್ಳು ಅಂತ ನಾನು ಹೇಳುವುದಿಲ್ಲ. ಆದ್ರೆ ನಿಲ್ಲಿಸೋಕೂ ಆಗೋದಿಲ್ಲ.

ಬರೀಬೇಕು ಅಂತ ಕೂತಿದ್ದು ಮೀನು ಮಾರ್ಕೆಟ್ಟಿನ ಆ ಅಮ್ಮನ ಬಗ್ಗೆ.

ಜುಲೈ 20ರಂದು ಹೊನ್ನಾವರದಿಂದ ಹೊರಟ ಆಂಬುಲೆನ್ಸ್ ಬೈಂದೂರಿನ ಶಿರೂರು ಟೋಲ್ ಗೇಟಿನಲ್ಲಿ ಮಗುಚಿ ನಾಲ್ಕು ಜನ ಹೋದರಲ್ಲ, ಆ ವಿಡಿಯೋ ನೋಡಿದ ರಾತ್ರಿ ನಮ್ಮ ಕ್ಲಾಸಿನ ಯಾರೂ ಮಲಗಲಿಲ್ಲ. ಗ್ರೂಪಿನಲ್ಲಿ ಒಬ್ಬೊಬ್ಬರೇ ಬರೆಯೋಕೆ ಶುರು ಮಾಡಿದರು. ನಮ್ಮ ಅಜ್ಜ ಭಟ್ಕಳ ದಾಟುವಾಗ ಹೋದರು. ನಮ್ಮ ಮಾವ ಹುಬ್ಬಳ್ಳಿ ದಾರಿಯಲ್ಲಿ. ನಮ್ಮ ಅತ್ತಿಗೆಯ ಮಗು. ಪ್ರತಿ ಮನೆಯಲ್ಲೂ ಒಂದು ದಾರಿ, ಆ ದಾರಿಯಲ್ಲಿ ಒಂದು ಸಾವು. ಘಟ್ಟದ ಮೇಲಿನವರು ಹುಬ್ಬಳ್ಳಿಗೆ ಓಡಬೇಕು, ಕಾರವಾರದವರು ಗೋವಾಕ್ಕೆ, ನಾವು ಮಣಿಪಾಲಕ್ಕೆ. ಕುಮಟಾದಿಂದ ಮಣಿಪಾಲ ಹತ್ತಿರಹತ್ತಿರ 120 ಕಿಲೋಮೀಟರ್. ಅಲ್ಲಿ 1953ರಲ್ಲೇ ಮೆಡಿಕಲ್ ಕಾಲೇಜು ಶುರುವಾಯಿತು. ನಮ್ಮ ಉತ್ತರ ಕನ್ನಡ ಜಿಲ್ಲೆಗೆ ಅದು ಬಂದಿದ್ದು 2016ರಲ್ಲಿ, ಕಾರವಾರಕ್ಕೆ. ಬಂದಿದ್ದು ಒಳ್ಳೇದೇ. ಆದ್ರೂ ತಲೆಗೆ ಪೆಟ್ಟು ಬಿದ್ದರೆ, ಎದೆ ಹಿಡಿದುಕೊಂಡರೆ ಇವತ್ತಿಗೂ ಜಿಲ್ಲೆ ದಾಟಿ ಓಡುವುದು ತಪ್ಪಿಲ್ಲ. 14 ಲಕ್ಷಕ್ಕೂ ಜಾಸ್ತಿ ಜನ ಇರುವ ಜಿಲ್ಲೆ ಇದು.

ಆಮೇಲೆ ಎಲ್ಲರ ಫೋನಿನಲ್ಲೂ 'ನೋ ಹಾಸ್ಪಿಟಲ್ ನೋ ವೋಟ್'. ನಾವೂ ಅದನ್ನೇ ರಟ್ಟಿನ ಮೇಲೆ ಬರೆದೆವು. ನಮ್ಮ ಜೊತೆಗಿರುವ ಮೂರೂರು ಊರಿನವಳ ಅಕ್ಷರ ಚೆನ್ನಾಗಿದೆ, ಅವಳೇ ಬರೆದಳು. ಕೆಂಪು ಮಾರ್ಕರಿನಲ್ಲಿ ಬರೆದದ್ದು ಮಳೆಗೆ ಸ್ವಲ್ಪ ಇಳಿದಿದೆ, ಓದೋಕೆ ತೊಂದರೆ ಇಲ್ಲ.

ಇವತ್ತು ಬೆಳಿಗ್ಗೆ ಮಾರ್ಕೆಟ್ಟಿಗೆ ಹೋದೆವು. ಭಾನುವಾರ, ಬೋಟು ಮತ್ತೆ ಶುರುವಾಗಿದೆ, ಬಂಗಡೆ ಚೆನ್ನಾಗಿ ಬಂದಿತ್ತು, ಜನ ಜಾಸ್ತಿ. ಆ ಅಮ್ಮ ಬಾಗಿಲ ಹತ್ತಿರವೇ ಶೆಟ್ಲಿ (ಸಿಗಡಿ) ರಾಶಿ ಹಾಕಿಕೊಂಡು ಕೂತಿದ್ದರು. ನಾನು ಪೇಪರ್ ಮುಂದೆ ಹಿಡಿದೆ.

"ಅದೆಂತದು ತಂಗಿ? ಎಂತ ಬರ್ದದೆ ಅದ್ರಲ್ಲಿ?"

ಓದಿ ಹೇಳಿದೆ. ಜಿಲ್ಲೆಗೆ ಒಂದು ದೊಡ್ಡ ಆಸ್ಪತ್ರೆ ಬೇಕು, ತುರ್ತು ಚಿಕಿತ್ಸೆಗೆ, ಹೃದಯಕ್ಕೆ, ತಲೆಗೆ ಡಾಕ್ಟರು ಬೇಕು. ಅವರು ಪೂರ್ತಿ ಕೇಳಿದರು. ನಡುವೆ ಗಿರಾಕಿ ಬಂದರೆ "ಸ್ವಲ್ಪ ತಡೀರಿ" ಅಂತ ನಿಲ್ಲಿಸಿದರು. ಆಮೇಲೆ ಕೈಯನ್ನು ಸೀರೆಯ ಅಂಚಿಗೆ ಒರೆಸಿಕೊಂಡು ಪೆನ್ನು ತಗೊಂಡರು. ಒಂದೊಂದೇ ಅಕ್ಷರ, ಒತ್ತಿ ಒತ್ತಿ. ಸಹಿ ಮುಗಿದ ಮೇಲೆ ನೋಡಿದರೆ ಪಕ್ಕದಲ್ಲಿ ಮೀನಿನ ಒಂದು ಹುರುಪೆ ಅಂಟಿಕೊಂಡಿತ್ತು. ತೆಗೆಯೋಕೆ ಹೋದರು. ಇರಲಿ ಬಿಡಿ ಅಂದೆ.

ಆಗ ಮೂರೂರಿನವಳ ಕೈಲಿದ್ದ ರಟ್ಟು ಅವರ ಕಣ್ಣಿಗೆ ಬಿತ್ತು. ಅದರಲ್ಲೆಂತ ಅಂದರು. ಆಸ್ಪತ್ರೆ ಇಲ್ಲ ಅಂದ್ರೆ ವೋಟ್ ಇಲ್ಲ ಅಂತ, ಅಂದೆ.

"ಅದು ಬ್ಯಾಡ."

"ಯಾಕಮ್ಮಾ?"

"ಅದೊಂದು ಟೈಮಲ್ಲೇ ಮಾರಾಯ್ತಿ ಅವ್ರೆಲ್ಲ ನಮ್ಮ ಕೇರಿಗೆ ಬರೂದು. ಬಾಗಿಲಲ್ಲಿ ನಿಂತು ಕೈ ಮುಗೀತ್ರು. ಅದನ್ನೂ ನಾವೇ ಬಿಟ್ಕೊಟ್ರೆ ನಮ್ಮ ಕೈಲಿ ಎಂತ ಉಳೀತು?"

ನನಗೆ ಉತ್ತರ ಹೊಳೆಯಲಿಲ್ಲ. ಅವರೇ ಮುಂದುವರಿಸಿದರು. ಗಂಡನಿಗೆ ರಾತ್ರಿ ಎದೆನೋವು ಬಂತಂತೆ. ಇಲ್ಲಿ ಆಗೂದಿಲ್ಲ, ಮುಂದೆ ಒಯ್ಯಿ ಅಂದರಂತೆ. ಗಾಡಿಯವನಿಗೆ ಡೀಸೆಲ್ ಹಾಕಿಸೋಕೆ ಓಲೆ ಬಿಚ್ಚಿಕೊಟ್ಟರಂತೆ. ಭಟ್ಕಳದವರೆಗೆ ಗಂಡ ಮಾತಾಡ್ತಾ ಇದ್ದರಂತೆ. ಬಲೆ ಒಣಗಿಸಲು ಹಾಕಿದ್ದೇನೆ, ಮಳೆ ಬಂದರೆ ತೆಗಿ ಅಂತ ಹೇಳಿದರಂತೆ. ಅದೇ ಕೊನೆಯ ಮಾತು.

"ಅವ್ರು ಹೋದ ವರ್ಷಾನೂ ವೋಟ್ ಬಂತು. ನಾ ಹಾಕ್ದೆ. ಸಿಟ್ಟಲ್ಲೇ ಹಾಕ್ದೆ."

ಸಿಟ್ಟಲ್ಲೇ ಹಾಕ್ದೆ. ಮನೆಗೆ ಬಂದು ಎಷ್ಟು ಹೊತ್ತಾದರೂ ಇದು ತಲೆಯಿಂದ ಹೋಗ್ತಾ ಇಲ್ಲ.

ಮಾರ್ಕೆಟ್ ಹೊರಗೆ ಚಹಾ ಕುಡಿಯುವಾಗ ನಮ್ಮಲ್ಲೇ ವಾದ ಆಯಿತು. ನಮ್ಮ ಜೊತೆಗಿದ್ದ ಬಾಡ ಊರಿನವನ ಮಾತು ಏನು ಅಂದ್ರೆ, ಹೆದರಿಸದೆ ಯಾರೂ ಕೇಳೋದಿಲ್ಲ, ವೋಟ್ ಇಲ್ಲ ಅಂದಾಗಲೇ ಟಿವಿಯವರು ಬಂದಿದ್ದು, ಅದು ಹೌದಲ್ವಾ ಅಂತ. ಹೌದು, ಬಂದರು. ಆದ್ರೆ ನಾವು ಇಲ್ಲಿ ಬೂತಿಗೆ ಹೋಗದೆ ಕೂತರೆ ಗೆಲ್ಲುವವರು ಗೆದ್ದೇ ಗೆಲ್ಲುತ್ತಾರೆ. 2013ರಿಂದ ನೋಟಾ ಬಟನ್ ಇದೆ. ಅದಕ್ಕೆ ಎಷ್ಟೇ ಬಿದ್ದರೂ ಉಳಿದವರಲ್ಲಿ ಜಾಸ್ತಿ ತಗೊಂಡವನೇ ಶಾಸಕ. ಸುಮ್ನೆ ಮನೆಯಲ್ಲಿ ಕೂತವರ ಸಿಟ್ಟನ್ನು ಯಾರು ಎಣಿಸುತ್ತಾರೆ? ನಾನು ಇಷ್ಟು ಜೋರಾಗಿ ಮಾತಾಡಬಲ್ಲೆ ಅಂತ ನನಗೇ ಗೊತ್ತಿರಲಿಲ್ಲ. ಚಹಾ ಅಂಗಡಿಯವರು ತಿರುಗಿ ನೋಡಿದರು.

ನಾನು ಹೇಳಿದ್ದು ಇದು. ವೋಟ್ ಹಾಕಬೇಡಿ ಅನ್ನುವ ಬದಲು ಹೊಸ ವೋಟರನ್ನು ಸೇರಿಸೋಣ. ಈ ತಿಂಗಳ 1ರಿಂದ ನಿಯಮ ಬದಲಾಗಿದೆ. ಮೊದಲು ಜನವರಿ 1ಕ್ಕೆ 18 ತುಂಬಿರಬೇಕಿತ್ತು, ಒಂದು ದಿನ ಹೆಚ್ಚುಕಮ್ಮಿ ಆದ್ರೂ ವರ್ಷ ಕಾಯಬೇಕಿತ್ತು. ಈಗ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್, ನಾಲ್ಕೂ ತಿಂಗಳ 1ನೇ ತಾರೀಕು ಲೆಕ್ಕಕ್ಕೆ ಬರುತ್ತದೆ. 17 ತುಂಬಿದವರು ಮುಂಚೆಯೇ ವೋಟರ್ ಪಟ್ಟಿಗೆ ಸೇರುವ ಅರ್ಜಿ, ನಮೂನೆ 6, ತುಂಬಿ ಕೊಡಬಹುದು. ಪಿಯುಸಿ ಮಕ್ಕಳೆಲ್ಲ ಬಂದರು ಅಲ್ವಾ? ಮುಂದಿನ ವರ್ಷ ವಿಧಾನಸಭೆ ಚುನಾವಣೆ. ಅಷ್ಟರೊಳಗೆ ಪ್ರತಿ ಊರಿನ ಹೊಸ ವೋಟರು ಒಂದೇ ಪ್ರಶ್ನೆ ಹಿಡಿದು ಬಾಗಿಲಲ್ಲಿ ನಿಂತರೆ, ಕೈ ಮುಗಿಯೋಕೆ ಬಂದವರು ಏನಾದ್ರೂ ಹೇಳಲೇಬೇಕಾಗುತ್ತದೆ.

ಬಾಡದವನು ಒಪ್ಪಲಿಲ್ಲ. ಮೂರೂರಿನವಳು ಮಾತಾಡದೆ ರಟ್ಟನ್ನು ತಿರುಗಿಸಿ ಹಿಂಬದಿಯಲ್ಲಿ 'ಆಸ್ಪತ್ರೆ ಕೊಡಿ, ವೋಟ್ ಕೇಳಿ' ಅಂತ ಬರೆದಳು. ಈಗ ಎರಡೂ ಕಡೆ ಇದೆ. ಯಾವ ಕಡೆ ಹಿಡಿಯಬೇಕು ಅಂತ ಇನ್ನೂ ತೀರ್ಮಾನ ಆಗಿಲ್ಲ.

ಕಳೆದ ವರ್ಷ ಇದೇ ಹೊತ್ತಿಗೆ ನಾನು ಈ ಕೋಣೆಯಲ್ಲೇ ಆನ್‌ಲೈನ್ ಕ್ಲಾಸಿಗೆ ಲಾಗಿನ್ ಆಗಿ ಗೋಡೆ ನೋಡ್ತಾ ಇರ್ತಿದ್ದೆ. ನೀಟ್‌ನಲ್ಲಿ ಸೀಟು ಸಿಗಲಿಲ್ಲ, ಹತ್ತಿರದಲ್ಲಿ ಕಾಲೇಜಿದೆ ಅಂತ ಬಿಎಸ್ಸಿ. ಯಾರಾದ್ರೂ ಮುಂದೆ ಏನು ಮಾಡ್ತೀ ಅಂತ ಕೇಳಿದರೆ ಹೊಟ್ಟೆಯಲ್ಲಿ ಸಂಕಟ ಆಗ್ತಿತ್ತು. ಮದುವೆ ಮನೆಗಳಿಗೆ ಹೋಗೋದನ್ನೇ ಬಿಟ್ಟಿದ್ದೆ. ಈಗಲೂ ಮುಂದೆ ಏನು ಅಂತ ಗೊತ್ತಿಲ್ಲ. ಆದ್ರೆ ಬೆಳಿಗ್ಗೆ ಏಳುವಾಗ ಇವತ್ತು ಯಾವ ಕೇರಿ, ಯಾರ ಮನೆ, ಯಾವ ಪೇಪರ್ ಅಂತ ತಲೆ ಓಡುತ್ತದೆ. ನನ್ನಿಂದ ಒಂದು ಕೆಲಸ ಆಗುತ್ತದೆ ಅಂತ ಅನಿಸಿದ್ದು ಇದೇ ಮೊದಲು. ಡಾಕ್ಟರ್ ಆಗಲಿಲ್ಲ ಅನ್ನೋ ನೋವು ಇದೆ, ಇಲ್ಲ ಅನ್ನೋದಿಲ್ಲ. ಡಾಕ್ಟರು ಬಂದು ಕೂರುವ ಜಾಗಕ್ಕಾಗಿ ಓಡಾಡಬಹುದಲ್ಲ.

ಒಂದು ಪಕ್ಷದ ಹುಡುಗರು ನಮ್ಮ ಬ್ಯಾನರ್ ಕೆಳಗೆ ಬನ್ನಿ ಅಂತ ಕೇಳಿದ್ದಾರೆ. ಊಟ, ಗಾಡಿ ಎಲ್ಲ ಅವರದೇ ಅಂತೆ. ಬೇಡ ಅಂದಿದ್ದೇವೆ. ಈ ಬಗ್ಗೆ ಇನ್ನೊಂದು ದಿನ.

ಸಂಜೆ ದಾರಿಯಲ್ಲಿ ಎಲ್ಲ ಮನೆ ಮೇಲೂ ಬಾವುಟ. ಮಳೆಗೆ ನೆನೆದಿದ್ದವು, ಆದ್ರೂ ಚೆಂದ ಕಾಣ್ತಿದ್ದವು. ನೋಡುವಾಗ ಅಂಕೋಲಾ ನೆನಪಾಯಿತು. 1930ರ ಏಪ್ರಿಲ್ 13ರಂದು ಅಲ್ಲಿ ಉಪ್ಪಿನ ಕಾನೂನು ಮುರಿದರು. ಆಮೇಲೆ ಕರ ಕೊಡುವುದಿಲ್ಲ ಅಂತ ಅಂಕೋಲಾ, ಸಿದ್ದಾಪುರದ ರೈತರು ಹೊಲ ಮನೆ ಕಳೆದುಕೊಂಡರು. ಮಾವಿನಗುಂಡಿಯಲ್ಲಿ ಹೆಂಗಸರೇ ಉಪವಾಸ ಕೂತರು. ಅವರಿಗೂ ಅಂಗಡಿ, ಮಕ್ಕಳು, ಸಾಲ ಎಲ್ಲ ಇತ್ತಲ್ಲ. ಅವರ ಮನೆಯಲ್ಲಿ ಏನು ಮಾತಾಯಿತೋ. ಆ ಹೆಂಗಸರ ಅಪ್ಪಂದಿರು ಏನು ಹೇಳಿದರೋ. ಇದನ್ನು ಯಾರಾದ್ರೂ ಬರೆದಿಟ್ಟಿದ್ದರೆ ನನಗೆ ಈಗ ಎಷ್ಟು ಉಪಯೋಗ ಆಗ್ತಿತ್ತು.

ಕೆಮಿಸ್ಟ್ರಿ ರೆಕಾರ್ಡ್ ಬರೆದಿಲ್ಲ. ಮಂಗಳವಾರ ಕೊಡಬೇಕು.

ಅದಕ್ಕಿಂತ ಮೊದಲು ಮಾಹಿತಿ ಹಕ್ಕಿನ ಅರ್ಜಿ ಮುಗಿಸಬೇಕು. ನಮ್ಮ ತಾಲೂಕಿನಿಂದ ಒಂದು ವರ್ಷದಲ್ಲಿ ಎಷ್ಟು ರೋಗಿಗಳನ್ನು ಜಿಲ್ಲೆಯ ಹೊರಗೆ ಕಳಿಸಿದ್ದಾರೆ, ಯಾವ ಕಾಯಿಲೆಗೆ, ಎಲ್ಲಿಗೆ. ಇದೇ ಪ್ರಶ್ನೆ. 10 ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ ಕೊಡಬೇಕು. ಆದ್ರೆ ನಮ್ಮ ರಾಜ್ಯದ ನಿಯಮದಲ್ಲಿ ಅರ್ಜಿ 150 ಪದ ದಾಟಬಾರದು, ವಿಷಯವೂ ಒಂದೇ ಇರಬೇಕು. ಮೊದಲ ಸಲ ಬರೆದಾಗ ಎರಡು ಪುಟ ಆಗಿತ್ತು, ಸಿಟ್ಟೆಲ್ಲ ಅದರಲ್ಲೇ ಇತ್ತು. ಈಗ ಸಿಟ್ಟು ತೆಗೆದು ಪ್ರಶ್ನೆ ಮಾತ್ರ ಉಳಿಸಿದ್ದೇನೆ. ದಾರಿಯಲ್ಲೇ ತೀರಿಕೊಂಡವರನ್ನು ಲೆಕ್ಕದಲ್ಲಿ ಬರೆದುಕೊಳ್ಳುತ್ತಾರಾ? ಕಳಿಸಿದವರು ಹೊರಟಿದ್ದನ್ನು ಬರೆದಿರುತ್ತಾರೆ, ಮಣಿಪಾಲದವರು ಬಂದು ಸೇರಿದವರನ್ನು ಬರೆದಿರುತ್ತಾರೆ. ನಡುವೆ ಹೋದವರ ಹೆಸರು ಯಾವ ಪುಸ್ತಕದಲ್ಲಿ ಇರುತ್ತದೆ? ಅದನ್ನು ಕೇಳಬೇಕು ಅಂದ್ರೆ ಅರ್ಜಿ ಯಾವ ಕಚೇರಿಗೆ ಹಾಕಬೇಕು? ಜಿಲ್ಲಾ ಆರೋಗ್ಯಾಧಿಕಾರಿಗಳ ಕಚೇರಿಗಾ, ಅಥವಾ